ಹೊಸರಿತ್ತಿಯಲ್ಲಿ ಮೈಲಾರ ಮಹದೇವಪ್ಪನವರ ಜೊತೆ ಪ್ರಾಣ ಕೊಟ್ಟ ಇನ್ನಿಬ್ಬರ ಬಗ್ಗೆ ಎಲ್ಲಿ ಹುಡುಕಬೇಕು?

ವರದಾ ದಂಡೆಯ ಮಾಸ್ತರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪ್ರಶ್ನೆ ಮೊದಲು ಕೇಳಿಬಿಡುತ್ತೇನೆ, ಹಿನ್ನೆಲೆ ಆಮೇಲೆ. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಈ ಇಬ್ಬರ ಬದುಕಿನ ಬಗ್ಗೆ ಯಾವ ಕಡತದಲ್ಲಿ, ಯಾವ ಕಚೇರಿಯಲ್ಲಿ, ಯಾರ ಬಾಯಲ್ಲಿ ಹುಡುಕಬೇಕು?

ನಮ್ಮ ಸೀಮೆಯವರಲ್ಲದವರಿಗೆ ಸ್ವಲ್ಪ ಹೇಳಬೇಕು. 1943ರ ಏಪ್ರಿಲ್ 1ರಂದು ವರದಾ ದಂಡೆಯ ಹೊಸರಿತ್ತಿಯಲ್ಲಿ, ಸರಕಾರ ವಸೂಲಿ ಮಾಡಿದ ಕಂದಾಯದ ಹಣ ಇಟ್ಟಿದ್ದ ಜಾಗಕ್ಕೆ ಮೈಲಾರ ಮಹದೇವಪ್ಪನವರ ತಂಡ ನುಗ್ಗಿತು. ಕಾವಲಿನ ಪೊಲೀಸರ ಗುಂಡಿಗೆ ಮೂವರು ಬಿದ್ದರು. ಮಹದೇವಪ್ಪನವರು ಮೋಟೆಬೆನ್ನೂರಿನವರು. 1930ರಲ್ಲಿ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಜೊತೆಗೆ ಆರಿಸಿಕೊಂಡ 78 ಮಂದಿಯಲ್ಲಿ ಕರ್ನಾಟಕದವರು ಅವರೊಬ್ಬರೇ, ಆಗ ಅವರಿಗೆ 18 ವರ್ಷ. ಹೊಸರಿತ್ತಿಯಲ್ಲಿ ಗುಂಡು ತಗಲಿದಾಗ 32 ತುಂಬಿರಲಿಲ್ಲ. ಹೆಂಡತಿ ಸಿದ್ಧಮ್ಮನವರೂ ಚಳವಳಿಗಿಳಿದು ಸೆರೆಮನೆ ಕಂಡವರು.

ಇಷ್ಟನ್ನು ಪಾಠದ ಹೊತ್ತಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಉಳಿದ ಇಬ್ಬರು ಯಾವ ಕೆಲಸ ಮಾಡ್ತಿದ್ರು ಸರ? ಅವರ ಮನ್ಯಾಗ ಯಾರ್ಯಾರು ಇದ್ರು?" ಅಂದಳು. ಎಷ್ಟು ಸರಿಯಾದ ಪ್ರಶ್ನೆ! ಅದಕ್ಕೆ ತಕ್ಕ ಉತ್ತರ ಆ ಮಗುವಿಗೆ ಕೊಡಬೇಕು ಅಂತಲೇ ಇಲ್ಲಿ ಬರೆಯುತ್ತಿದ್ದೇನೆ.

ಮಹದೇವಪ್ಪನವರಿಗೆ ಸಿಕ್ಕ ಗೌರವ ಹೆಚ್ಚಾಯಿತು ಅಂತ ನಾನು ಹೇಳುತ್ತಿಲ್ಲ. ಅವರ ಅಂಚೆಚೀಟಿ ಬಂದಿದೆ, ಹಾವೇರಿ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ. ಅದು ಆಗಬೇಕಾದದ್ದೇ. ಆದರೆ ಅವರ ಬದುಕಿಗೆ ಒಂದು ಹಾದಿ ಕಾಣುತ್ತದೆ: ಸಾಬರಮತಿ, ದಂಡಿ, ಸೆರೆಮನೆ, ಊರಿಗೆ ಮರಳಿ ಖಾದಿ ಮತ್ತು ಗ್ರಾಮಸೇವೆಯ ಕೆಲಸ, 1942ರಲ್ಲಿ ಭೂಗತ ಹೋರಾಟ, ಕೊನೆಗೆ ಹೊಸರಿತ್ತಿ. ಹೆಜ್ಜೆ ಮೇಲೆ ಹೆಜ್ಜೆ. ಗಾಂಧೀಜಿಯ ಕಣ್ಣೆದುರು ಬೆಳೆದವರು ಹೀಗೆ ಹೋದರು ಅಂದಾಗ ಮಕ್ಕಳು ಕೈಮುಗಿಯುತ್ತಾರೆ, ಇದು ದೊಡ್ಡವರ ಕತೆ ಅಂದುಕೊಳ್ಳುತ್ತಾರೆ. ಅದೇ ಬಂದೂಕಿನ ಎದುರು ಅವರ ಪಕ್ಕದಲ್ಲೇ ನಿಂತ ತಿರಕಪ್ಪ, ವೀರಯ್ಯನವರ ಕತೆಯಲ್ಲಿ ಮಕ್ಕಳು ತಮ್ಮ ಓಣಿಯನ್ನೇ ಕಾಣಬಹುದು. ಅದಕ್ಕೇ ಆ ಕತೆ ನನಗೆ ಬೇಕು.

ಭಾಷಣಗಳಲ್ಲಿ "ಮಹದೇವಪ್ಪ ಮತ್ತು ಸಂಗಡಿಗರು" ಅಂದು ಮುಂದೆ ಹೋಗುವುದನ್ನು ಕೇಳಿ ಕೇಳಿ ಬೇಸತ್ತಿದ್ದೇನೆ. ಮೂವರೂ ಕೊಟ್ಟಿದ್ದು ಪ್ರಾಣವನ್ನೇ. ಅದರಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ.

ದಾಖಲೆ ಹುಡುಕಿ ಬಲ್ಲವರು, ತಮ್ಮ ತಮ್ಮ ಊರುಗಳಲ್ಲಿ ಇಂಥ ಹೆಸರುಗಳನ್ನು ಕಾಪಿಟ್ಟವರು ದಯವಿಟ್ಟು ಹೇಳಿ. ಬರುವ ವರ್ಷ ಮಕ್ಕಳ ಕೈಯಿಂದಲೇ ಒಂದು ಪುಸ್ತಿಕೆ ಬರೆಸುವ ಆಸೆಯಿದೆ.

———

ಕುಮದ್ವತಿ ಕಡೆಯವ ಉತ್ತರಿಸಿದ್ದು:

ಮೇಷ್ಟ್ರೇ, ನಮ್ಮದು ಶಿಕಾರಿಪುರ ತಾಲ್ಲೂಕು, ಈಸೂರು ಅನ್ನೋ ಹಳ್ಳಿ ಇರುವ ಸೀಮೆ. ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲಾಗಲಿಲ್ಲ.

"ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನೋ ಮಾತು ನಾಡಿಗೆಲ್ಲ ಗೊತ್ತು. ಆದರೆ ಗಲ್ಲಿಗೇರಿದ ಐದು ಜನರ ಹೆಸರು ಹೇಳಿ ಅಂದರೆ ನಮ್ಮ ಜಿಲ್ಲೆಯವರೇ ತಡವರಿಸುತ್ತಾರೆ. ಪೂರ್ತಿ ಬರೆದುಬಿಡುತ್ತೇನೆ: ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ. 1943ರ ಮಾರ್ಚ್ ಎರಡನೇ ವಾರದಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಇವರನ್ನು ನೇಣಿಗೆ ಹಾಕಿದರು. ಲೆಕ್ಕ ಹಾಕಿ ನೋಡಿ, ನಿಮ್ಮ ಹೊಸರಿತ್ತಿಗೆ ಮೂರು ವಾರ ಮುಂಚೆ. ನಿಮ್ಮ ಪುಸ್ತಿಕೆಯಲ್ಲಿ ಇದನ್ನೂ ಸೇರಿಸಿ. ಒಂದು ಮುಂಬಯಿ ಪ್ರಾಂತ್ಯ, ಇನ್ನೊಂದು ಮೈಸೂರು ಸಂಸ್ಥಾನ. ಗಡಿ ಬೇರೆಯಿದ್ದರೂ ಸುದ್ದಿ ಗಡಿ ದಾಟುತ್ತಿತ್ತು.

1942ರ ಸೆಪ್ಟೆಂಬರಿನಲ್ಲಿ ಊರವರು ಪಟೇಲ, ಶಾನುಭೋಗರ ಕೈಯಿಂದ ಲೆಕ್ಕದ ಪುಸ್ತಕ ಕಿತ್ತುಕೊಂಡರು, ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು, ಇನ್ನು ಮೇಲೆ ನಮ್ಮದೇ ಸರ್ಕಾರ ಅಂದರು. ಜಯಣ್ಣ ಅನ್ನೋ ಹುಡುಗನನ್ನು ಅಮಲ್ದಾರನನ್ನಾಗಿ, ಮಲ್ಲಪ್ಪ ಅನ್ನೋ ಇನ್ನೊಬ್ಬ ಹುಡುಗನನ್ನು ಪೊಲೀಸ್ ಅಧಿಕಾರಿಯನ್ನಾಗಿ ಮಾಡಿದರು. ಹೊರಗಿನವರು ಇದನ್ನು ಮಕ್ಕಳಾಟ ಅಂದುಕೊಳ್ಳುತ್ತಾರೆ. ಹಿಂದೆ ಯೋಚನೆಯಿತ್ತು, ಹುಡುಗರನ್ನು ಹಿಡಿದರೂ ಕಾನೂನು ಅವರ ಮೇಲೆ ದೊಡ್ಡ ಶಿಕ್ಷೆ ಹೇರಲಾರದು ಅಂತ. ಸೆಪ್ಟೆಂಬರ್ 28ರಂದು ಅಮಲ್ದಾರ ಚನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರ ಜೊತೆ ಊರಿಗೆ ಬಂದರು. ಜಟಾಪಟಿಯಾಯಿತು, ಪೊಲೀಸರು ಕೈಮಾಡಿದರು, ಜನ ತಿರುಗಿಬಿದ್ದರು, ಆ ಇಬ್ಬರೂ ಸತ್ತರು. ಅವರೂ ಕನ್ನಡದವರೇ, ಅವರ ಮನೆಯಲ್ಲೂ ಹೆಂಡತಿ ಮಕ್ಕಳು ಅತ್ತಿರುತ್ತಾರೆ. ಈಸೂರಿನ ಕತೆಯನ್ನು ಮಕ್ಕಳಿಗೆ ಹೇಳುವಾಗ ಇದನ್ನು ಬಿಡಬಾರದು ಅಂತ ನನ್ನ ಮನಸ್ಸು.

ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದು. ಐವರ ಹೆಸರು ಉಳಿದಿದ್ದು ಕೋರ್ಟು ತೀರ್ಪು ಕೊಟ್ಟಿದ್ದರಿಂದ. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಮೂವರು ಹೆಂಗಸರಿಗೆ ಜೀವಾವಧಿ ಶಿಕ್ಷೆಯಾಯಿತು. ಅವರ ಹೆಸರೂ ಅದಕ್ಕೇ ಉಳಿಯಿತು. ಸೈನ್ಯ ಬಂದು ಮನೆಗಳನ್ನು ಸೂರೆ ಮಾಡಿದಾಗ ಮಕ್ಕಳನ್ನು ಎತ್ತಿಕೊಂಡು ಕಾಡು ಸೇರಿದವರಿದ್ದಾರಲ್ಲ, ಅವರನ್ನು ಹಿಡಿಯಲಾಗಲಿಲ್ಲ, ಹಾಗಾಗಿ ಯಾರೂ ಬರೆದುಕೊಳ್ಳಲಿಲ್ಲ. ಸರ್ಕಾರ ಯಾರನ್ನು ಹಿಡಿಯಿತೋ ಅವರಷ್ಟೇ ಇತಿಹಾಸದಲ್ಲಿ ಕೂತರು.

———

ಬೆಳ್ಳಾರೆ ಪೇಟೆ ಉತ್ತರಿಸಿದ್ದು:

ಮಾಷ್ಟ್ರೇ, ನೀವು ಕೇಳಿದ್ದು 1943, ನಾನು ಹೇಳುವುದು 1837. ವಿಷಯ ಮಾತ್ರ ಒಂದೇ.

ಕೊಡಗನ್ನು ಕಂಪನಿ 1834ರಲ್ಲಿ ನುಂಗಿತು. ಅಲ್ಲಿಯವರೆಗೆ ಕೊಡಗಿನ ಅರಸರ ಕೆಳಗಿದ್ದ ನಮ್ಮ ಅಮರ ಸುಳ್ಯ, ಪುತ್ತೂರು, ಪಂಜ, ಬೆಳ್ಳಾರೆ ಕಡೆಯನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆದದ್ದರಲ್ಲೇ ತೆರಿಗೆ ಕೊಡುತ್ತಿದ್ದ ರೈತನಿಗೆ ನಗದು ಕಟ್ಟು ಅಂದರು. ಘಟ್ಟದ ಬುಡದ ಗದ್ದೆ ತೋಟದವನ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? ಸಾಲ ಮಾಡಬೇಕು, ಇಲ್ಲ ಬೆಳೆಯನ್ನು ಸಿಕ್ಕಿದ ಬೆಲೆಗೆ ಕೊಡಬೇಕು. ದಂಗೆಯ ಬೇರು ಇಲ್ಲಿದೆ. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಜನ ಬೆಳ್ಳಾರೆಯ ಖಜಾನೆಗೆ ಕೈಹಾಕಿದರು, ಅಲ್ಲಿಂದ ಪುತ್ತೂರು, ಬಂಟ್ವಾಳ ದಾಟಿ 1837ರ ಏಪ್ರಿಲ್ 5ಕ್ಕೆ ಮಂಗಳೂರು ಸೇರಿ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. ಕಲೆಕ್ಟರನೇ ಹಡಗು ಹತ್ತಿ ಕಣ್ಣೂರಿಗೆ ಓಡಿದ. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. 1857ಕ್ಕೆ ಇಪ್ಪತ್ತು ವರ್ಷ ಮೊದಲು!

ನನ್ನನ್ನು ಕಾಡುವ ಮನುಷ್ಯ ಪುಟ್ಟಬಸಪ್ಪ. ಕೊಡಗನ್ನು ಆಳಿದ ಹಾಲೇರಿ ವಂಶದ ಹಕ್ಕುದಾರ ಎಂದು ಹೇಳಿಕೊಂಡಿದ್ದ ಕಲ್ಯಾಣಸ್ವಾಮಿಯನ್ನು ಕಂಪನಿಯವರು ಮೊದಲೇ ಹಿಡಿದಿದ್ದರು. ಜನರನ್ನು ಒಟ್ಟುಗೂಡಿಸಲು ಆ ಹೆಸರು ಬೇಕಿತ್ತು. ಶನಿವಾರಸಂತೆ ಕಡೆಯ ಸಾಮಾನ್ಯ ರೈತ ಪುಟ್ಟಬಸಪ್ಪ "ನಾನೇ ಕಲ್ಯಾಣಸ್ವಾಮಿ" ಅಂತ ಎದ್ದು ನಿಂತ. ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಆತನನ್ನು ನೇಣು ಹಾಕಿದರು. ಊರಿನವರ ಬಾಯಲ್ಲಿ ಇಂದಿಗೂ ಆ ದಂಗೆಯ ಹೆಸರು ಕಲ್ಯಾಣಪ್ಪನ ಕಾಟಕಾಯಿ. ಇನ್ನೊಬ್ಬರ ಹೆಸರನ್ನು ಹೊತ್ತು ಸತ್ತವನಿಗೆ ತನ್ನ ಹೆಸರು ಉಳಿಯಲಿ ಎಂಬ ಆಸೆಯೂ ಇರಲಿಲ್ಲ ಅಲ್ಲವಾ? ಅಂಥವನ ಹೆಸರನ್ನು ನಾವಾದರೂ ಹೇಳಬೇಕು.

ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ಎದ್ದದ್ದು 2022ರಲ್ಲಿ, ಅಂದರೆ 185 ವರ್ಷ ಬೇಕಾಯಿತು. ಹಾಗಾಗಿ ತಡವಾಯಿತು ಅಂತ ನೀವು ಕೈಬಿಡಬೇಡಿ.

———

ಹಳೇ ದಫ್ತರ ಉತ್ತರಿಸಿದ್ದು:

ಮಾಸ್ತರೇ, ಸರಕಾರಿ ದಾಖಲೆಗಳ ನಡುವೆಯೇ ನನ್ನ ನೌಕರಿ ಮುಗಿಯಿತು. ಈಗ ನಿವೃತ್ತ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು, ಯಾವ ಕಟ್ಟಡಕ್ಕೆ ಹೋಗಬೇಕು ಎಂಬುದು. 1943ರಲ್ಲಿ ಹಾವೇರಿ ಧಾರವಾಡ ಜಿಲ್ಲೆಯೊಳಗಿತ್ತು, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಾಗಾಗಿ ಮೇಲಿನ ಮಟ್ಟದ ಕಾಗದಗಳು ಇರುವುದು ಮುಂಬಯಿಯಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ. ಅಲ್ಲಿ ಗೃಹ ಇಲಾಖೆಯ 'ಸ್ಪೆಷಲ್' ಎಂಬ ಕಡತ ಸಾಲು ಕೇಳಿ. ಚಳವಳಿಗೆ ಸಂಬಂಧಿಸಿದ್ದು ಹೆಚ್ಚಾಗಿ ಅದರಲ್ಲಿದೆ. ಈಸೂರು ಮೈಸೂರು ಸಂಸ್ಥಾನದ್ದು, ಅದರ ಕಾಗದಕ್ಕೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ಬೆಳ್ಳಾರೆಯವರು ಹೇಳಿದ ಕೆನರಾದ ಸಂಗತಿಗೆ ಚೆನ್ನೈನ ಎಗ್ಮೋರ್. ಕಲಬುರಗಿ, ರಾಯಚೂರು, ಬೀದರಿನ ಕಡೆಯದಕ್ಕೆ ಹೈದರಾಬಾದ್. ನಮ್ಮ ಜನ ಒಂದೇ ಆಶೆಯಿಂದ ಹೋರಾಡಿದರು, ಅವರ ಮೇಲಿನ ಕಡತಗಳು ಮಾತ್ರ ನಾಲ್ಕೂ ದಿಕ್ಕಿಗೆ ಹೋಗಿ ಕೂತಿವೆ. ಕರ್ನಾಟಕದ ಎರಡನೇ ಸಾಲಿನ ಹೋರಾಟಗಾರರು ಇಷ್ಟು ಮಸುಕಾಗಲು ಇದೊಂದು ದೊಡ್ಡ ಕಾರಣ. ಹಾವೇರಿಯ ಹುಡುಗನೊಬ್ಬ ತನ್ನ ಮುತ್ತಜ್ಜನನ್ನು ಹುಡುಕಲು ಮುಂಬಯಿಗೆ ಹೋಗಬೇಕು ಅಂದರೆ ಎಷ್ಟು ಜನ ಹೋದಾರು?

ಎರಡನೆಯದು, ಯಾವ ತಲೆಬರಹದ ಕೆಳಗೆ ಹುಡುಕಬೇಕು. 'ಚಳವಳಿ', 'ಸ್ವಾತಂತ್ರ್ಯ' ಅಂತ ಹುಡುಕಿದರೆ ಅರ್ಧ ಸಿಗುವುದಿಲ್ಲ. ಬರೆದವರು ಪೊಲೀಸರು. ಅವರ ಲೆಕ್ಕದಲ್ಲಿ ಹೊಸರಿತ್ತಿ ಒಂದು ದರೋಡೆ. ದರೋಡೆ, ಲೂಟಿ, ಖಜಾನೆಯ ಕಾವಲು, ಗುಂಡು ಹಾರಿಸಿದ ಬಗ್ಗೆ ವಿಚಾರಣೆ, ಪೊಲೀಸರಿಗೆ ಇನಾಮು ಕೊಟ್ಟ ಕಾಗದ, ಇವೆಲ್ಲವನ್ನೂ ತೆರೆಸಿ. ಇನಾಮಿನ ಕಾಗದ ಓದುವಾಗ ಎದೆ ಭಾರವಾಗುತ್ತದೆ, ಆದರೂ ಬಿಡಬೇಡಿ. ಯಾರ ಗುಂಡು ಯಾರಿಗೆ ತಗಲಿತು ಎಂಬ ವಿವರ ಒಮ್ಮೊಮ್ಮೆ ಅಲ್ಲೇ ಇರುತ್ತದೆ.

ಹೆಸರಿನ ಬಗ್ಗೆಯೂ ಎಚ್ಚರ. ಇಂಗ್ಲಿಷಿನಲ್ಲಿ ತಿರಕಪ್ಪ ಹತ್ತು ಬಗೆಯಾಗಿರಬಹುದು. ಮರಾಠಿ ಬಲ್ಲ ಕಾರಕೂನ ಮಡಿವಾಳರ ಎಂಬುದನ್ನು ಪರೀಟ ಅಂತ, ಹಿರೇಮಠ ಎಂಬುದನ್ನು ಜಂಗಮ ಅಂತ ಬರೆದಿದ್ದರೂ ಆಶ್ಚರ್ಯವಿಲ್ಲ. ಅಡ್ಡಹೆಸರನ್ನು ನೆಚ್ಚಬೇಡಿ, ಊರು ಮತ್ತು ತಾರೀಖು ಹಿಡಿದು ಹೋಗಿ.

ಕುಮದ್ವತಿ ಕಡೆಯವರು ಹೇಳಿದ ಮಾತು ನನ್ನ ಅನುಭವಕ್ಕೂ ಒಪ್ಪುತ್ತದೆ. ಹಲಗಲಿಯನ್ನೇ ನೋಡಿ. 1857ರಲ್ಲಿ ಕಂಪನಿ ಸರಕಾರ ಹತಾರ ಒಪ್ಪಿಸಬೇಕೆಂದು ಕಾನೂನು ತಂದಿತು. ಬೇಡರು ಹತಾರ ಕೊಡಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಬಂದು ಊರು ಸುಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನ, 14ರಂದು ಹಲಗಲಿಯಲ್ಲೇ 6 ಜನ, ಒಟ್ಟು 19 ಮಂದಿ ಗಲ್ಲಿಗೇರಿದರು. ಜಡಗ, ಬಾಲ, ಹನುಮ, ರಾಮ ಎಂಬ ನಾಲ್ಕು ಹೆಸರು ಇಂದಿಗೂ ಜನರ ನಾಲಿಗೆಯ ಮೇಲಿವೆ. ಅವು ಉಳಿದದ್ದು ಲಾವಣಿಯಿಂದ. ಆ ಲಾವಣಿ ಅಚ್ಚಾಗಿ ಉಳಿದದ್ದು, ಅದನ್ನು ಸಂಗ್ರಹಿಸಿ 1880ರ ದಶಕದಲ್ಲಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯಿಂದ. ಗಲ್ಲಿಗೇರಿಸಿದ ಸರಕಾರದ ನೌಕರನೇ ಗಲ್ಲಿಗೇರಿದವರ ಹಾಡನ್ನು ಕಾಪಾಡಿದ. ಹಾಗಾಗಿ ಕಡತ ಒಂದನ್ನೇ ನಂಬಬೇಡಿ, ಹಾಡನ್ನೂ ಬಿಡಬೇಡಿ. ನಿಮ್ಮ ಸುತ್ತಿನ ಹಳ್ಳಿಗಳಲ್ಲಿ ಗೀಗೀ ಮೇಳದ ಹಿರಿಯರಿದ್ದರೆ, ಭಜನೆ, ಕೋಲಾಟದ ಪದ ಹಾಡುವ ಅಜ್ಜಂದಿರಿದ್ದರೆ ಕೂಡಲೇ ಹೋಗಿ ಕೇಳಿ. ಕಡತ ಇನ್ನೂ ಹತ್ತು ವರ್ಷ ಇರುತ್ತದೆ, ಅವರು ಇರುವುದಿಲ್ಲ.

ಮೂರನೆಯದು ಪಿಂಚಣಿ ಕಡತ. ಕೇಂದ್ರದ ಸ್ವಾತಂತ್ರ್ಯ ಯೋಧರ ಪಿಂಚಣಿ ಶುರುವಾದದ್ದು 1972ರ ಆಗಸ್ಟ್ 15ರಂದು. ಮೊದಲು ಆದಾಯದ ಮಿತಿ ಇತ್ತು, 1980ರಲ್ಲಿ ಅದನ್ನು ತೆಗೆದರು. ಕನಿಷ್ಠ ಆರು ತಿಂಗಳು ಸೆರೆಮನೆ, ಹೆಂಗಸರಿಗೆ ಮತ್ತು ಪರಿಶಿಷ್ಟರಿಗೆ ಮೂರು ತಿಂಗಳು. ಭೂಗತರಾಗಿದ್ದೆವು ಅಂದರೆ ಸರಕಾರ ಫರಾರಿ ಎಂದು ಘೋಷಿಸಿರಬೇಕು, ಇಲ್ಲ ತಲೆಗೆ ಬೆಲೆ ಕಟ್ಟಿರಬೇಕು, ಇಲ್ಲ ಜಾರಿಯಾಗದೆ ಉಳಿದ ಬಂಧನದ ಆದೇಶವಿರಬೇಕು. ದಾಖಲೆ ಸಿಗದಿದ್ದರೆ ಜೊತೆಯಲ್ಲಿ ಸೆರೆಯಲ್ಲಿದ್ದವರ ಪ್ರಮಾಣಪತ್ರ. ಈ ಕಟ್ಟಳೆ ಓದಿದರೆ ಯಾರು ಹೊರಗುಳಿದರು ಎಂಬುದು ತಾನಾಗಿಯೇ ಹೊಳೆಯುತ್ತದೆ. ಜಾಣತನದಿಂದ ಸಿಕ್ಕಿಬೀಳದೆ ಇದ್ದವನು, ನಾಲ್ಕು ತಿಂಗಳಿಗೇ ಬಿಡುಗಡೆಯಾದವನು, ಸಾಕ್ಷಿ ಹೇಳಬೇಕಾದ ಜೊತೆಗಾರ ತೀರಿಹೋದವನು, ಅರ್ಜಿ ಬರೆಸಲು ಗೊತ್ತಿಲ್ಲದವನು, ಇವರೆಲ್ಲ ಹೊರಗೇ. ಆದರೂ ಆ ಅರ್ಜಿಗಳಲ್ಲಿ ಒಂದು ಐಶ್ವರ್ಯವಿದೆ. ಪ್ರತಿಯೊಬ್ಬ ಅರ್ಜಿದಾರನೂ ತನ್ನ ಸಂಗಡ ಯಾರ್ಯಾರಿದ್ದರು ಅಂತ ಬರೆದಿರುತ್ತಾನೆ. ಬದುಕುಳಿದವರ ಅರ್ಜಿಯಲ್ಲಿ ಸತ್ತವರ ಹೆಸರು ಸಿಗುತ್ತದೆ. ಹಾವೇರಿ ಸುತ್ತಿನ ಪಿಂಚಣಿದಾರರ ಮನೆಗಳಲ್ಲಿ ಅರ್ಜಿಯ ನಕಲು ಪೆಟ್ಟಿಗೆಯಲ್ಲಿರಬಹುದು. ಮೊದಲು ಆ ಮನೆಗಳಿಗೆ ಹೋಗಿ.

ನಾಲ್ಕನೆಯದು ನಿಮ್ಮ ಕೈಯಳತೆಯಲ್ಲೇ ಇದೆ. ಆ ಸುತ್ತಿನ ಹಳೆಯ ಗಂಡುಮಕ್ಕಳ ಶಾಲೆಗಳ ಜನರಲ್ ರಿಜಿಸ್ಟರ್. ಹುಡುಗನ ಹೆಸರು, ತಂದೆಯ ಹೆಸರು, ಕಸುಬು, ಸೇರಿದ ತಾರೀಖು, ಬಿಟ್ಟ ತಾರೀಖು, ಬಿಟ್ಟ ಕಾರಣ ಎಲ್ಲ ಬರೆಯುತ್ತಿದ್ದರು. ಈ ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಾಗಿದ್ದರೆ ತಂದೆಯ ಹೆಸರು, ಹುಟ್ಟಿದ ದಿನ ಅಲ್ಲಿ ಸಿಕ್ಕೀತು. 1942ರ ಆಗಸ್ಟ್ ನಂತರ ಗೈರುಹಾಜರಿಯಿಂದ ಹೆಸರು ಕಳೆದುಕೊಂಡ ಹುಡುಗರ ಸಾಲನ್ನೂ ಬರೆದುಕೊಳ್ಳಿ. ಆ ವರ್ಷ ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿ ಗುಂಡಿಗೆ ಬಲಿಯಾದಾಗ ಅವನು ಇನ್ನೂ ಶಾಲೆಗೆ ಹೋಗುವ ಹುಡುಗ.

ಕೇಂದ್ರ ಸಂಸ್ಕೃತಿ ಇಲಾಖೆ ಹೊರತಂದ ಹುತಾತ್ಮರ ಕೋಶದ ಐದನೇ ಸಂಪುಟದಲ್ಲಿ ಕರ್ನಾಟಕವಿದೆ. ಒಬ್ಬೊಬ್ಬರಿಗೆ ಕೆಲವೇ ಸಾಲು, ಆದರೆ ಅಲ್ಲಿಂದ ಎಳೆ ಹಿಡಿಯಬಹುದು.

———

ಕದರಮಂಡಲಗಿ ಹಾದಿ ಉತ್ತರಿಸಿದ್ದು:

ಮಾಸ್ತರ, ನಾನೂ ನಿಮ್ಮ ಸೀಮ್ಯಾಂವನ. ಒಂದು ಮಾತು ಖಾರ ಆಗಬಹುದು, ತಪ್ಪು ತಿಳೀಬ್ಯಾಡ್ರಿ.

ಈಗಿನ ಕಾಲಕ್ಕ ಹೆಸರು ಹುಡುಕೂದು ಅಂದ್ರ ಜಾತಿ ಹುಡುಕೂದು ಆಗೇತಿ. ಯಾವ ಸಮಾಜದ ಕಡೆ ಸಂಘ ಐತಿ, ರೊಕ್ಕ ಐತಿ, ಆ ಸಮಾಜದ ವೀರರಿಗೆ ಸರ್ಕಲ್, ಮೂರ್ತಿ, ಜಯಂತಿ. ಇಲ್ಲದವರಿಗೆ ಏನೂ ಇಲ್ಲ. ನೀವು ನಾಳೆ ತಿರಕಪ್ಪನವರ ಬಗ್ಗೆ ನಾಕು ಪುಟ ಹುಡುಕಿ ಕೊಟ್ರಿ ಅಂತಿಟ್ಕೋರಿ, ಅವರನ್ನ ಒಂದು ಓಣಿಗೆ ಕಟ್ಟಿ ಹಾಕ್ತಾರ. ವೀರಯ್ಯನವರನ್ನ ಇನ್ನೊಂದು ಓಣಿಗೆ. ಮೂವರೂ ಒಂದ ದಿನ, ಒಂದ ಜಾಗದಾಗ, ಒಂದ ಕೆಲಸಕ್ಕ ಸತ್ತಾರ. ಬದುಕಿದ್ದಾಗ ಅವರು ಕೂಡಿ ಉಂಡಿರಬೇಕು, ಕತ್ತಲ್ದಾಗ ಕೂಡಿ ನಡೆದಿರಬೇಕು. ಸತ್ತ ಮ್ಯಾಲ ನಾವು ಅವರನ್ನ ಬ್ಯಾರೆ ಮಾಡಬಾರದು.

ಹುಡುಕಬ್ಯಾಡ್ರಿ ಅಂತ ಅಲ್ಲ. ಮಕ್ಕಳ ಕಡೆಯಿಂದ ಬರೆಸೂ ಮುಂದ ಮೂವರನ್ನೂ ಒಂದ ಕತಿಯೊಳಗ ಬರೆಸ್ರಿ.

———

ವರದಾ ದಂಡೆಯ ಮಾಸ್ತರ ಬರೆದದ್ದು:

ಎಲ್ಲರಿಗೂ ಮನಸಾರೆ ಕೃತಜ್ಞ. ಕದರಮಂಡಲಗಿಯ ಅಣ್ಣನ ಮಾತು ನನಗೆ ಖಾರ ಅನ್ನಿಸಲಿಲ್ಲ. ಮೂವರ ಕತೆ ಒಂದೇ ಅಧ್ಯಾಯವಾಗಿ ಇರಲಿ, ನಾನೂ ಅದನ್ನೇ ಒಪ್ಪುತ್ತೇನೆ. ಆದರೆ ಆ ಒಂದು ಅಧ್ಯಾಯದೊಳಗೆ ಮೂವರಿಗೂ ಮುಖ ಬೇಕು, ಮನೆ ಬೇಕು, ತಾಯಿ ತಂದೆ ಬೇಕು. ಒಬ್ಬರಿಗೆ ಮಾತ್ರ ಮುಖವಿದ್ದು ಇಬ್ಬರು ನೆರಳಾಗಿ ಉಳಿದರೆ ಅದೂ ಒಂದು ಬಗೆಯಲ್ಲಿ ಬೇರೆ ಮಾಡಿದಂತೆಯೇ.

ಇನ್ನೊಂದು ವಿಷಯವನ್ನು ಇಲ್ಲಿ ಎತ್ತಲೇಬೇಕು. ಮಕ್ಕಳು ಕೇಳುತ್ತಾರೆ: ಗಾಂಧೀಜಿಯ ಹಿಂದೆ ದಂಡಿಗೆ ನಡೆದವರು ಖಜಾನೆಗೆ ಯಾಕೆ ನುಗ್ಗಿದರು? ನಾನು ಕೊಡುವ ಉತ್ತರ ಇದು. 1942ರ ಆಗಸ್ಟ್ 9ರ ಬೆಳಗಿನ ಜಾವಕ್ಕೆ ದೊಡ್ಡ ಮುಖಂಡರೆಲ್ಲ ಸೆರೆಮನೆಯಲ್ಲಿದ್ದರು. ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ಹೇಳಲು ಹೊರಗೆ ಯಾರೂ ಉಳಿದಿರಲಿಲ್ಲ. ಊರೂರಿನ ತರುಣರು ತಾವೇ ಒಂದು ಗೆರೆ ಎಳೆದುಕೊಂಡರು. ಸರಕಾರದ ಕೈಕಾಲು ಕಟ್ಟಬೇಕು, ಮನುಷ್ಯರ ಜೀವ ತೆಗೆಯಬಾರದು. ತಂತಿ ಕಡಿದರು, ಟಪಾಲು ಚೀಲ ಕಸಿದರು, ಚಾವಡಿಯ ದಫ್ತರ ಸುಟ್ಟರು. ರೈತನಿಂದ ಕಿತ್ತುಕೊಂಡ ಕಂದಾಯ ಸರಕಾರದ ಕೈ ಸೇರಬಾರದು ಎಂಬುದೂ ಅದರಲ್ಲೇ ಬಂತು. ಆ ಗೆರೆಯನ್ನು ಎಲ್ಲರೂ ಎಲ್ಲ ಕಡೆ ಪಾಲಿಸಲಾಗಲಿಲ್ಲ, ಈಸೂರೇ ಅದಕ್ಕೆ ಸಾಕ್ಷಿ. ಎರಡನ್ನೂ ಮಕ್ಕಳ ಮುಂದಿಟ್ಟು ಚರ್ಚೆ ಮಾಡಿಸುತ್ತೇನೆ. ಹದಿನೈದು ವರ್ಷದ ಮಕ್ಕಳು ಇದನ್ನು ಅರಗಿಸಿಕೊಳ್ಳಬಲ್ಲರು.

ದಫ್ತರದ ಹಿರಿಯರೇ, ನಿಮಗೊಂದು ಪ್ರಶ್ನೆ. ಚಾವಡಿಯ ದಫ್ತರಗಳನ್ನು ಹೋರಾಟಗಾರರೇ ಸುಟ್ಟಿದ್ದರೆ ಹಳ್ಳಿ ಮಟ್ಟದ ದಾಖಲೆ ಉಳಿದಿರುತ್ತದೆಯೇ?

———

ಅಘನಾಶಿನಿ ಮೇಲ್ದಂಡೆ ಉತ್ತರಿಸಿದ್ದು:

ಮಾಸ್ತರರೇ, ನಾನು ಸಿದ್ದಾಪುರ ಕಡೆಯ ಮನೆಯವಳು. ಇಷ್ಟು ಹೊತ್ತು ಗಂಡಸರ ಹೆಸರುಗಳೇ ಬಂದವು, ಸಿದ್ಧಮ್ಮನವರನ್ನು, ಈಸೂರಿನ ಮೂವರನ್ನು ಬಿಟ್ಟರೆ.

1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲಾ ಕಡೆ ಕರನಿರಾಕರಣೆ ನಡೆಯಿತು. ತೀರ್ವೆ ಕಟ್ಟುವುದಿಲ್ಲ ಅಂದವರ ಜಮೀನು, ಅಡಿಕೆ ತೋಟ, ಕೊಟ್ಟಿಗೆಯ ದನ, ಒಳಗಿನ ಹಂಡೆ ತಪ್ಪಲೆ ಎಲ್ಲವನ್ನೂ ಸರಕಾರ ಜಪ್ತು ಮಾಡಿ ಲಿಲಾವು ಹಾಕಿತು. ಗಂಡಸರು ಸೆರೆಮನೆಯಲ್ಲಿದ್ದರು. ಆಗ ಹೊರಬಂದವರು ಹೆಂಗಸರು. ಲಿಲಾವಿನಲ್ಲಿ ಆಸ್ತಿ ಕೊಂಡವರ ಮನೆಯ ಮುಂದೆ ಹೋಗಿ ಉಪವಾಸ ಕೂತರು. ಕೊಂಡವನು ಊರಿನವನೇ, ಎಷ್ಟೋ ಸಲ ಪರಿಚಯದವನೇ. ಅಂಗಳದಲ್ಲಿ ಹಸಿದು ಕೂತ ಹೆಂಗಸಿನ ಎದುರು ಅವನು ಹೇಗೆ ಊಟ ಮಾಡಬೇಕು? ಬಂದೂಕಿಗಿಂತ ಗಟ್ಟಿಯಾದ ಹೋರಾಟ ಅಂತ ನಾನು ನಂಬಿದ್ದೇನೆ. ಮಾವಿನಗುಂಡಿಯಲ್ಲಿ ಅದರ ಸ್ಮಾರಕ ಇದೆ, ಜೋಗಕ್ಕೆ ಹೋಗುವವರು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಮುಂಬಯಿ ಪ್ರಾಂತ್ಯದಲ್ಲಿ 1937ರಲ್ಲಿ ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಪ್ತಾದ ಜಮೀನುಗಳು ಮರಳಿದವು. ನಡುವಿನ ವರ್ಷಗಳಲ್ಲಿ ಆ ಮನೆಗಳು ಹೇಗೆ ಉಂಡವು ಎಂಬುದು ಯಾವ ಕಡತದಲ್ಲೂ ಇರಲಾರದು.

ಆದ್ದರಿಂದ ನೀವು ಆ ಇಬ್ಬರ ಬಂಧುಗಳನ್ನು ಕಾಣಲು ಹೋದಾಗ ಪಡಸಾಲೆಯಲ್ಲಿ ಕೂತು ಗಂಡಸರನ್ನಷ್ಟೇ ಕೇಳಿ ಬರಬೇಡಿ. ನಿಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಹೋಗಿ, ಅವರು ಒಳಗೆ ಹೋಗಿ ಕೇಳಲಿ. 1943ರ ಏಪ್ರಿಲ್ ನಂತರ ಮನೆ ಯಾರು ನಡೆಸಿದರು? ಯಾರ ಹೊಲಕ್ಕೆ ಕೂಲಿಗೆ ಹೋದರು? ಪೊಲೀಸರ ಹೆದರಿಕೆಗೆ ಯಾವ ನೆಂಟರು ದೂರವಾದರು, ಯಾರು ಬಾಗಿಲು ತೆರೆದರು? ಸೊಸೆಯಾಗಿ ಬಂದವರಿಗೆ ಅತ್ತೆ ಇಂಥದ್ದನ್ನೆಲ್ಲ ಹೇಳಿರುತ್ತಾರೆ. ಮೊದಲ ಪ್ರಶ್ನೆ ಕೇಳಿದವಳೂ ಒಬ್ಬ ಹುಡುಗಿಯೇ ಅಲ್ಲವೇ, ಅವಳೇ ಮುಂದಾಗಲಿ.

———

ಹಳೇ ದಫ್ತರ ಉತ್ತರಿಸಿದ್ದು:

ತಂಗಿ ಹೇಳಿದ್ದು ಸರಿ. ಆ ಪ್ರಶ್ನೆಗಳನ್ನು ಹಾಗೇ ಬರೆದಿಟ್ಟುಕೊಳ್ಳಿ ಮಾಸ್ತರೇ.

ನಿಮ್ಮ ಪ್ರಶ್ನೆಗೆ: ಚಾವಡಿಯಲ್ಲಿ ಸುಟ್ಟದ್ದು ಹೋಯಿತು. ಆದರೆ ಹಳ್ಳಿಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ವರದಿ ಏರುತ್ತಿತ್ತು. ಜನನ ಮರಣದ ಲೆಕ್ಕ, ವಸೂಲಿಯ ತಃಖ್ತೆ ಮೇಲೂ ಒಂದು ಪ್ರತಿ ಹೋಗಿರುತ್ತದೆ. ದಫ್ತರ ಸುಟ್ಟರು ಎಂಬ ವರದಿಯೇ ಒಂದು ದಾಖಲೆ, ಅದರಲ್ಲಿ ಶಂಕಿತರ ಹೆಸರುಗಳಿರುತ್ತವೆ.

ಮುಂಬಯಿಗೆ ಈಗಲೇ ಹೊರಡಬೇಡಿ. ಮೊದಲು ಧಾರವಾಡದಲ್ಲಿರುವ ನಮ್ಮ ಪತ್ರಾಗಾರದ ವಿಭಾಗೀಯ ಕಚೇರಿಗೆ ಹೋಗಿ. ಶಾಲೆಯ ಲೆಟರ್‌ಹೆಡ್‌ನಲ್ಲಿ ಮುಖ್ಯೋಪಾಧ್ಯಾಯರ ಸಹಿ ಮಾಡಿಸಿದ ಪತ್ರ, ನಿಮ್ಮ ಗುರುತಿನ ಚೀಟಿ ಇಟ್ಟುಕೊಳ್ಳಿ. 1942ರ ಆಗಸ್ಟಿನಿಂದ 1943ರ ಕೊನೆಯವರೆಗಿನ ಧಾರವಾಡ ಜಿಲ್ಲೆಯ ಸೂಚಿ ಕೇಳಿ, ಹಾವೇರಿ ತಾಲೂಕಿನ ಸಾಲುಗಳನ್ನಷ್ಟೇ ನಕಲು ಮಾಡಿಕೊಳ್ಳಿ. ಪೆನ್ನು ಬಿಟ್ಟು ಪೆನ್ಸಿಲ್ ಒಯ್ಯಿರಿ, ಹಳೆಯ ಕಾಗದದ ಹತ್ತಿರ ಶಾಯಿ ಬೇಡ. ಆ ಸೂಚಿ ಕೈಗೆ ಬಂದ ಮೇಲೆ ಇಲ್ಲಿ ಹಾಕಿ. ಮುಂಬಯಿಯಲ್ಲಿ ಯಾವ ಕಡತ ತೆರೆಸಬೇಕು ಎಂದು ಕೂತು ಗುರುತು ಮಾಡಿಕೊಡುತ್ತೇನೆ.